ಉಚ್ಚಂಗೆಮ್ಮನ ಅಳತೆ ಪುಸ್ತಕ

ಗೋವಿನಕೋವಿಯ ನಮ್ಮ ಬೀದಿಯಲ್ಲಿ, ನನ್ನ ಮನೆಯಿಂದ ಎಣಿಸಿದರೆ ಐದನೆಯದು ಉಚ್ಚಂಗೆಮ್ಮನ ಮನೆ. ಪಡಸಾಲೆಯ ಕಿಟಕಿಗೆ ಒತ್ತಿದ ಹಾಗೆ ಅವಳ ಹೊಲಿಗೆ ಮಿಷನ್ನು. ಅದರ ಎಡಕ್ಕೆ ಕತ್ತರಿ, ಬಲಕ್ಕೆ ನೂಲಿನ ಡಬ್ಬಿ, ಡಬ್ಬಿಯ ಕೆಳಗೆ ಒಂದು ಉದ್ದನೆಯ ಪುಸ್ತಕ. ಆ ಪುಸ್ತಕವನ್ನು ಮುಂದಿನಿಂದ ತೆರೆದರೆ ಊರಿನ ಹೆಂಗಸರ ರವಿಕೆಯ ಅಳತೆಗಳಿವೆ: ಎದೆ, ಸೊಂಟ, ತೋಳು, ಕೊರಳು. ಮಗುಚಿ ಹಿಂದಿನಿಂದ ತೆರೆದರೆ ಅದೇ ಹೆಂಗಸರ ಕಷ್ಟಗಳಿವೆ. ಎರಡೂ ಕಡೆ ಒಂದೇ ಕೈಬರಹ, ಒಂದೇ ಪೆನ್ಸಿಲು. ಮುಂದಿನ ಪುಟಗಳನ್ನು ಯಾರು ಬೇಕಾದರೂ ನೋಡಬಹುದು. ಹಿಂದಿನ ಪುಟಗಳನ್ನು ಅವಳ ಗಂಡನೂ ನೋಡುವಂತಿಲ್ಲ. ನಾನು ಈ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅದರೊಳಗಿನ ಒಂದೇ ಒಂದು ಪುಟ ನೋಡಿದ್ದೇನೆ. ನೋಡಿದ ಮೇಲೆ ಅವಳ ಬಗ್ಗೆ ಬರೆದಿಡಬೇಕು ಅನ್ನಿಸಿತು. ನನಗೆ ಒಂದು ಪುಟ ಬರೆಯಲು ಒಂದು ಹೊತ್ತು ಬೇಕು. ಆದರೂ ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ಉಚ್ಚಂಗೆಮ್ಮ ನೀರಿನ ಬರವಿರುವ ಜಗಳೂರು ಕಡೆಯ ಹೆಣ್ಣು. ಹದಿನೆಂಟು ವರ್ಷದ ಹಿಂದೆ ಟ್ರ್ಯಾಕ್ಟರ್ ಓಡಿಸುವ ಮಾಲತೇಶನ ಕೈಹಿಡಿದು ಬಂದಳು. ಬಂದ ಹೊಸದರಲ್ಲಿ ಬೀದಿಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಎಲ್ಲಿದ್ದರೂ ಓಡಿಬಂದು ಬಿಗಿ ಮಾಡುತ್ತಿದ್ದಳು. ನಮ್ಮ ಹೆಂಗಸರು ನಗುತ್ತಿದ್ದರು.

"ಇದು ಜಗಳೂರಲ್ಲ ಕಣೇ, ಹರಿದ್ರೆ ಹರೀಲಿ ಬಿಡೇ."

"ಹರಿಯೋದು ನೋಡಿದ್ರೆ ನಂಗೆ ಕಾಲು ನಿಲ್ಲಲ್ಲ ಕಣ್ರಿ," ಅನ್ನುತ್ತಿದ್ದಳು.

ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಫೇಲಾಗಿದ್ದಳು. ಆದರೆ ಅವಳ ಟೇಪಿನ ಅಳತೆ ಒಂದು ದಿನವೂ ತಪ್ಪಿದ್ದಿಲ್ಲ. ಊರಿನ ಹೆಂಗಸರೆಲ್ಲ ಅವಳಲ್ಲಿಯೇ ರವಿಕೆ ಹೊಲಿಸತೊಡಗಿದರು.

ಒಂದು ದಿನ ಪಂಚಾಯಿತಿ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದರು. ಬಡವರಿಗೆ, ಹೆಂಗಸರಿಗೆ ಸರ್ಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಹಾಗೆ ಕೊಡುತ್ತದೆ ಎಂದು ಊರೂರಲ್ಲಿ ತಿಳಿಸಿ, ಜನರನ್ನು ಕೋರ್ಟಿನ ಬಾಗಿಲ ತನಕ ಕರೆತರಲು ಸ್ವಯಂಸೇವಕರು ಬೇಕು ಅಂತ ಅದರಲ್ಲಿತ್ತು. ಉಚ್ಚಂಗೆಮ್ಮ ಹೆಸರು ಕೊಟ್ಟಳು. ದಾವಣಗೆರೆಯ ತರಬೇತಿಯಲ್ಲಿ, ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದರಂತೆ. ಇವಳು ಹೇಳಿದ್ದು ಇಷ್ಟು: "ಅಳತೆ ಕೊಡಾಕೆ ಬಂದೋರು ಕೈ ಎತ್ತುತಾರೆ ಸಾರ್. ಎತ್ತಿದಾಗ ಬೆನ್ನ ಮೇಲಿನ ಬಾಸುಂಡೆ ಕಾಣ್ತಾವೆ. ನಾನು ಟೇಪು ಹಿಡಕೊಂಡು ಸುಮ್ಮನೆ ನಿಂತಿರ್ತೀನಿ. ಸುಮ್ಮನೆ ನಿಲ್ಲಾಕೆ ಇನ್ನು ಆಗಲ್ಲ, ಅದಕ್ಕೆ ಬಂದೆ."

ಕೊರಳಿಗೆ ಕಾರ್ಡು ಹಾಕಿಕೊಂಡು ಊರಿಗೆ ಬಂದಾಗ ಮಾಲತೇಶನೇ ಮೊದಲು ಚುಡಾಯಿಸಿದ. "ಬಂದ್ರು ನೋಡ್ರಪ್ಪಾ ನಮ್ಮನೆ ವಕೀಲಮ್ಮ. ನಾನು ಊಟಕ್ಕೆ ಕೇಳಬೇಕಾದ್ರೂ ಇನ್ನು ಅರ್ಜಿ ಹಾಕಬೇಕು."

"ಹಾಕು. ಆದರೆ ಗಂಡಸರಿಗೆ ನಮ್ಮಲ್ಲಿ ವರಮಾನದ ಸರ್ಟಿಫಿಕೇಟು ಬೇಕಾಗ್ತೈತೆ," ಅಂದಳು.

ಅದು ತಮಾಷೆಗೆ ಹೇಳಿದ ಮಾತಲ್ಲ, ಕಾನೂನೇ ಹಾಗಿದೆ. ಅದು ನನಗೆ ಗೊತ್ತಾದದ್ದು ಭೀಮಕ್ಕನಿಂದ.

ಭೀಮಕ್ಕ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯವಳು. ಚಿಕ್ಕ ವಯಸ್ಸಿನಲ್ಲಿಯೇ ಮೊದಲ ಗಂಡ ತೀರಿಕೊಂಡ. ಆಮೇಲೆ ನಮ್ಮೂರಿನ ಬೀರಲಿಂಗಪ್ಪ, ಅವನೂ ಹೆಂಡತಿ ಸತ್ತವನು, ಅವಳನ್ನು ಸೀರುಡಿಕೆ ಮಾಡಿಕೊಂಡ. ನಮ್ಮ ಕುಲದಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಆಗಲು ದಾರಿ ಇದೆ. ಆದರೆ ಅದಕ್ಕೆ ಚಪ್ಪರವಿಲ್ಲ, ಓಲಗವಿಲ್ಲ, ಲಗ್ನಪತ್ರಿಕೆ ಇಲ್ಲ, ಫೋಟೋ ಇಲ್ಲ. ಗಂಡಾಗುವವನು ಒಂದು ಹೊಸ ಸೀರೆ ತರುತ್ತಾನೆ. ಅದನ್ನು ಉಡಿಸಿದರೆ ಮದುವೆಯಾಯಿತು. ಅದಕ್ಕೇ ಸೀರುಡಿಕೆ ಅನ್ನುವುದು. ಆ ಸೀರೆಯನ್ನು ಅವತ್ತು ಒಂದು ದಿನ ಉಟ್ಟು, ಮಡಚಿ ಪೆಟ್ಟಿಗೆಯಲ್ಲಿ ಇಟ್ಟರೆ ಮುಗಿಯಿತು. ಮತ್ತೆ ಉಡುವುದಿಲ್ಲ.

ಇಪ್ಪತ್ತೈದು ವರ್ಷ ಇಬ್ಬರೂ ಬಾಳಿದರು. ಮಕ್ಕಳಾಗಲಿಲ್ಲ. ಎರಡು ಕೋಣೆಯ ಹೆಂಚಿನ ಮನೆ, ಹಿತ್ತಲಲ್ಲಿ ನುಗ್ಗೆ ಗಿಡ, ಎರಡು ಎಮ್ಮೆ. ಮನೆ ಬೀರಲಿಂಗಪ್ಪನ ಹೆಸರಿನಲ್ಲಿತ್ತು. ಎದೆನೋವು ಬಂದು ಅವನು ತೀರಿಕೊಂಡ. ದಿನಕರ್ಮ ಮುಗಿದ ಮೂರನೆಯ ದಿನ ಅವನ ಅಣ್ಣನ ಮಗ ಕೆಂಚೇಶ್ ಬಂದು ಒಂದು ಕೋಣೆಗೆ ಬೀಗ ಹಾಕಿದ. ಮನೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಪಂಚಾಯಿತಿಗೂ ಬರೆದು ಕೊಟ್ಟ.

"ನಮ್ಮ ಚಿಕ್ಕಪ್ಪಗೆ ಅಡಿಗೆ ಮಾಡಿ ಹಾಕಾಕೆ ಬಂದಿದ್ದೋಳು ಈಕೆ. ಅಡಿಗೆ ಮುಗೀತು, ತ್ಯಾವಣಿಗೆ ಬಸ್ಸು ಹತ್ತಲಿ," ಎಂದು ಕಟ್ಟೆಯ ಮೇಲೆ ಕೂತವರ ಮುಂದೆ ಹೇಳಿದ. ಇದೇ ಕೆಂಚೇಶ್ ಚಿಕ್ಕವನಿದ್ದಾಗ "ಚಿಕ್ಕವ್ವಾ, ರೊಟ್ಟಿ" ಅಂತ ಅವಳ ಒಲೆಯ ಮುಂದೆ ಕೂತು ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭೀಮಕ್ಕನ ಹತ್ತಿರ ಕಾಗದವೇ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ, ಓಟಿನ ಕಾರ್ಡಿನಲ್ಲಿ ಮೊದಲ ಗಂಡನ ಹೆಸರೇ ಉಳಿದುಬಿಟ್ಟಿತ್ತು. ಅದನ್ನು ತಿದ್ದಿಸು ಎಂದಾಗಲೆಲ್ಲ ಬೀರಲಿಂಗಪ್ಪ "ಯಾರು ಕೇಳ್ತಾರೆ ಬಿಡೇ, ಊರಿಗೇ ಗೊತ್ತೈತೆ" ಅನ್ನುತ್ತಿದ್ದನಂತೆ.

ಅವಳು ಉಚ್ಚಂಗೆಮ್ಮನ ಬಳಿಗೆ ಹೋದದ್ದು ಒಂದು ಹಳೆಯ ರವಿಕೆಯ ಹೊಲಿಗೆ ಬಿಚ್ಚಿಸಿಕೊಳ್ಳುವ ನೆವದಲ್ಲಿ. ಆ ಹೊತ್ತಿಗೆ ನಾನೂ ಅಲ್ಲಿ ಕೂತಿದ್ದೆ. ಉಚ್ಚಂಗೆಮ್ಮ ಟೇಪು ಹಿಡಿದು ತೋಳು ಅಳೆದಳು. ಅಳೆದ ಮೇಲೂ ಟೇಪು ಬಿಡಲಿಲ್ಲ.

"ಯಾವಾಗಿಂದ ಊಟ ಬಿಟ್ಟೀರಿ ಭೀಮಕ್ಕಾ? ಹೋದ ವರ್ಷಕ್ಕಿಂತ ಒಂದೂವರೆ ಇಂಚು ಕಡಿಮೆ ಐತೆ."

ಭೀಮಕ್ಕ ಅಲ್ಲಿಯೇ ಕುಸಿದು ಕೂತು ಎಲ್ಲ ಹೇಳಿದಳು. ಉಚ್ಚಂಗೆಮ್ಮ ಪುಸ್ತಕ ಮಗುಚಿದಳು. ಕೇಳಿ ಕೇಳಿ ಬರೆದುಕೊಂಡಳು.

"ನಾಳೆ ಹೊನ್ನಾಳಿಗೆ ಹೋಗಣ. ಕೋರ್ಟಿನ ಆವರಣದಾಗೇ ಕಾನೂನು ಸೇವಾ ಸಮಿತಿ ಅಂತ ಐತೆ. ವಕೀಲರನ್ನ ಅವರೇ ಕೊಡ್ತಾರೆ."

"ನಾನು ಬಡವಿ ಅಂತ ಯಾರು ಬರೆದು ಕೊಡ್ತಾರವ್ವ? ತಾಲ್ಲೂಕು ಆಫೀಸಿಗೆ ಅಲೆಯಾಕೆ ನನ್ನ ಕೈಲಾಗಲ್ಲ."

"ಯಾರೂ ಬರೆದು ಕೊಡೋದು ಬ್ಯಾಡ. ಹೆಣ್ಣು ಅಂದ್ರೆ ಸಾಕು."

"ಹೆಣ್ಣು ಅಂದ್ರೆ?"

"ಹೆಣ್ಣು ಅಂದ್ರೆ ಹೆಣ್ಣು. ಅಷ್ಟೇ. ಕಾನೂನಾಗೆ ಹಂಗೇ ಬರೆದೈತೆ."

ನಾನು ಅವತ್ತು ಮನೆಗೆ ಬಂದು ಬಹಳ ಹೊತ್ತು ಆ ಮಾತನ್ನೇ ಯೋಚಿಸಿದೆ. ಹೆಣ್ಣು ಎಂಬ ಕಾರಣಕ್ಕೆ ಶಾಲೆ ಬಿಡಿಸಿದ್ದು ಗೊತ್ತು. ಹೆಣ್ಣು ಎಂಬ ಕಾರಣಕ್ಕೆ ಹೊಲದಲ್ಲಿ ಪಾಲಿಲ್ಲ ಎಂದದ್ದು ಗೊತ್ತು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಒಂದು ಬಾಗಿಲು ತೆರೆಯುತ್ತದೆ ಎಂದು ಅವತ್ತೇ ಮೊದಲು ಕೇಳಿದ್ದು.

ಸಮಿತಿಯವರು ಸುಧಾ ಎಂಬ ವಕೀಲರನ್ನು ಕೊಟ್ಟರು. ಸಣ್ಣ ವಯಸ್ಸಿನವರು, ಮಾತು ಕಡಿಮೆ. ಭೀಮಕ್ಕ ಬೀರಲಿಂಗಪ್ಪನ ಹೆಂಡತಿ ಎಂದು ಕೋರ್ಟು ಹೇಳಬೇಕು, ಅವಳನ್ನು ಮನೆಯಿಂದ ಎಬ್ಬಿಸಬಾರದು, ಎಂದು ದಾವೆ ಹಾಕಿದರು. ಅದು ತೀರುವ ತನಕ ಅವಳನ್ನು ಹೊರಗೆ ಹಾಕುವಂತಿಲ್ಲ ಎಂದು ತಡೆ ಬಂತು. ಆದರೆ ಕೊನೆಗೆ ಹೆಂಡತಿ ಎಂದು ತೋರಿಸಲು ಆಗದಿದ್ದರೆ ಅವಳಿಗೆ ಉಳಿದಿದ್ದ ಒಂದು ಕೋಣೆಯೂ ಹೋಗುತ್ತಿತ್ತು. ಭೀಮಕ್ಕನಿಗೆ ಆಗ ಐವತ್ತಾರು ವರ್ಷ. ತ್ಯಾವಣಿಗೆಯಲ್ಲಿ ತವರು ಅನ್ನುವುದು ಉಳಿದಿರಲಿಲ್ಲ.

ಸೀರುಡಿಕೆಯ ಸೀರೆ ಪೆಟ್ಟಿಗೆಯಲ್ಲಿತ್ತು. ಅದನ್ನು ಉಚ್ಚಂಗೆಮ್ಮ ಮಿಷನ್ನಿನ ಮೇಲೆ ಹರಡಿ ಈ ತುದಿಯಿಂದ ಆ ತುದಿಗೆ ನೋಡಿದಳಂತೆ. ಆಮೇಲೆ ಸುಧಾ ಮೇಡಂ ಅದನ್ನು ಕೋರ್ಟಿಗೆ ಕೊಟ್ಟರು. ಕೋರ್ಟಿನವರು ಕವರಿನಲ್ಲಿ ಹಾಕಿ, ಅರಗು ಒತ್ತಿ, ನಂಬರು ಬರೆದು ಒಳಗಿಟ್ಟರು. ಕೆಂಚೇಶನ ವಕೀಲರು ನಕ್ಕರಂತೆ: "ಹೊನ್ನಾಳಿ ಸಂತೆಯಾಗೆ ಇಂಥವು ನೂರು ಸಿಗ್ತಾವೆ."

ಇನ್ನು ಸಾಕ್ಷಿ ಬೇಕು. ಇಲ್ಲಿ ಉಚ್ಚಂಗೆಮ್ಮ ಒಂದು ತಪ್ಪು ಮಾಡಿದಳು. ತಪ್ಪು ಎಂದರೆ ಒಳ್ಳೆಯ ಮನಸ್ಸಿನಿಂದ ಆದ ತಪ್ಪು. ಮದುವೆ ಎಂದ ಮೇಲೆ ಊರಿನ ಹಿರಿಯರು ಇದ್ದೇ ಇರುತ್ತಾರೆ, ಮುತ್ತೈದೆಯರು ಇದ್ದೇ ಇರುತ್ತಾರೆ ಎಂದುಕೊಂಡಳು. ಊರೆಲ್ಲ ಮರ್ಯಾದೆ ಕೊಡುವ ನಾಲ್ಕು ಮುತ್ತೈದೆಯರನ್ನು ಕೇಳಿದಳು. ಹಿರಿಯರಾದ ತಿಪ್ಪೇರುದ್ರಸ್ವಾಮಿಯವರನ್ನು ಕೇಳಿದಳು. ಮುತ್ತೈದೆಯರು "ನಮಗ್ಯಾಕವ್ವ" ಎಂದು ಜಾರಿಕೊಂಡರು. ತಿಪ್ಪೇರುದ್ರಸ್ವಾಮಿ ಮಾತ್ರ ಬರುತ್ತೇನೆ ಎಂದರು. ಭೀಮಕ್ಕನ ಮೇಲೆ ಅವರಿಗೆ ಕನಿಕರವಿತ್ತು. ಏನು ಕಂಡಿದ್ದೀರಿ ಎಂದು ಉಚ್ಚಂಗೆಮ್ಮ ಅವರನ್ನು ಕೇಳಲಿಲ್ಲ. ಅಷ್ಟು ದೊಡ್ಡವರನ್ನು ಹಾಗೆ ಕೇಳುವುದು ಹೇಗೆ ಎಂದು ಸುಮ್ಮನಾದಳು.

ಕೋರ್ಟಿನಲ್ಲಿ ಅವರು ಪ್ರಮಾಣ ಮಾಡಿ ನಿಂತರು. ಇಬ್ಬರೂ ಗಂಡ ಹೆಂಡತಿಯ ಹಾಗೆ ಬಾಳಿದರು ಎಂದು ಹೇಳಿದರು. ಆಗ ಕೆಂಚೇಶನ ವಕೀಲರು ಎರಡೇ ಪ್ರಶ್ನೆ ಕೇಳಿದರು.

"ಈ ಮದುವೆ ಆಗಿದ್ದನ್ನ ನೀವು ನೋಡಿದೀರಾ?"

"ನಾನು ಹೆಂಗೆ ನೋಡಾಕೆ ಬರ್ತೈತ್ರಿ? ಇಲ್ಲ, ನೋಡಿಲ್ಲ."

"ನೋಡಿದೋರು ಯಾರಾದ್ರೂ ಊರಾಗೆ ಗೊತ್ತಾ?"

"ಗೊತ್ತಿಲ್ಲ."

ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಿಜ ಹೇಳಿ, ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಇಳಿದು ಬಂದರು. ಬಸ್ಸಿನಲ್ಲಿ ಭೀಮಕ್ಕನೇ ಉಚ್ಚಂಗೆಮ್ಮನ ಬೆನ್ನು ಸವರಿದಳಂತೆ.

ಇದಾದ ನಾಲ್ಕನೆಯ ದಿನ ನಾನು ರವಿಕೆಯ ತೋಳು ಸಡಿಲ ಮಾಡಿಸಲು ಹೋದೆ. ಉಚ್ಚಂಗೆಮ್ಮನ ಮುಖ ಬಾಡಿತ್ತು. ಏನಾಯಿತು ಎಂದೆ. ಮಿಷನ್ನು ತುಳಿಯುತ್ತಲೇ ಕೋರ್ಟಿನಲ್ಲಿ ನಡೆದದ್ದನ್ನು ಹೇಳಿದಳು.

"ಅವರು ಹೆಂಗೆ ನೋಡ್ತಾರೆ? ಹೆಂಡತಿ ಇರೋ ಗಂಡಸು ಅಲ್ಲಿಗೆ ಬರಂಗಿಲ್ಲ," ಅಂದೆ.

ಅವಳು ತುಳಿಯುತ್ತಲೇ ಇದ್ದಳು. "ಹೋಗಲಿ, ಮುತ್ತೈದೆಯರಾದ್ರೂ ಬಾಯಿ ಬಿಡಬೇಕಿತ್ತಲ್ಲ ಅಜ್ಜಿ."

"ಮುತ್ತೈದೆಯರು ಅದನ್ನ ಕಣ್ಣಿಂದ ನೋಡಂಗೇ ಇಲ್ಲ. ನೋಡಿದ್ರೆ ಅವರ ಮುತ್ತೈದೆತನಕ್ಕೆ ಕೆಡುಕು ಅಂತ. ಸೀರೆ ಉಡಿಸೋರು ಗಂಡ ಸತ್ತೋರು. ನಮ್ಮಂಥೋರು."

ಮಿಷನ್ನು ನಿಂತಿತು.

"ನಿಮ್ಮಂಥೋರು ಅಂದ್ರೆ?"

"ಅವತ್ತು ಮೂರು ಜನ ಇದ್ವಿ. ಬೀರಲಿಂಗಪ್ಪನ ತಾಯಿ. ಮೂಲೆ ಮನೆ ದುರುಗಕ್ಕ. ಅವರಿಬ್ಬರೂ ಹೋದರು. ನಾನಿದೀನಿ."

ಅವಳು ನನ್ನನ್ನೇ ನೋಡಿದಳು. ಎರಡು ವರ್ಷದಿಂದ ಅವಳು ಊರೆಲ್ಲ ಹುಡುಕುತ್ತಿದ್ದುದು ಅವಳ ಪಡಸಾಲೆಯಲ್ಲಿ, ಅವಳ ಕಣ್ಣೆದುರೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು.

"ಭೀಮಕ್ಕ ಯಾಕೆ ಹೇಳಲಿಲ್ಲ?"

"ಆಕೆಗೆ ಗೊತ್ತಿಲ್ಲ. ಅತ್ತೆ ಇದ್ದಳು ಅನ್ನೋದಷ್ಟೇ ಗೊತ್ತು. ದೀಪ ಹಚ್ಚಂಗಿಲ್ಲ, ಆಕೆ ಮುಖ ಎತ್ತಂಗಿಲ್ಲ. ಉಡಿಸಿದೋರ ಹೆಸರು ಉಟ್ಟೋಳಿಗೆ ಹೇಳಂಗಿಲ್ಲ. ಹಳೇ ಬಾಳಿನ ನೆರಳು ಹೊಸ ಬಾಳಿನ ಮೇಲೆ ಬೀಳಬಾರದು ಅಂತ."

"ನೀವು ಯಾಕೆ ಹೇಳಲಿಲ್ಲ ಅಜ್ಜಿ?"

ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ ಒಂದೇ. "ಗಂಡ ಸತ್ತೋಳು ಕಂಡಿದ್ದನ್ನ ಕೋರ್ಟು ಕೇಳ್ತೈತೆ ಅಂತ ನಂಗೆ ಗೊತ್ತಿರಲಿಲ್ಲ."

ಆಮೇಲೆ ನನಗೆ ನೆನಪಿದ್ದದ್ದನ್ನು ಹೇಳತೊಡಗಿದೆ. ಬೀರಲಿಂಗಪ್ಪ ಹೊನ್ನಾಳಿಯಿಂದ ತಂದ ಸೀರೆ ಹಸಿರು, ಕೆಂಪಂಚು. ಹಿಂದಿನ ದಿನ ಸಂಜೆ ಬಿಚ್ಚಿ ನೋಡಿದರೆ ಅಂಚಿನಲ್ಲಿ ಹರಿದಿತ್ತು. ಹರಿದ ಸೀರೆ ಉಡಿಸುವಂತಿಲ್ಲ, ಮತ್ತೆ ಹೊನ್ನಾಳಿಗೆ ಹೋಗಿ ಬರಲು ಹೊತ್ತಿಲ್ಲ. ಅವನ ತಾಯಿ ಸೂಜಿ ಕೊಟ್ಟಳು, ನಾನು ಹೊಲಿದೆ.

"ಅವರ ಮನೇಲಿ ಕೆಂಪು ನೂಲು ಇರಲಿಲ್ಲ, ಅದಕ್ಕೆ..." ಅನ್ನುತ್ತಿದ್ದೆ. ಉಚ್ಚಂಗೆಮ್ಮ ಥಟ್ಟನೆ ಕೈ ಅಡ್ಡ ಹಿಡಿದಳು. ಪುಸ್ತಕ ಮಗುಚಿ ಒಂದು ಪುಟ ತೆರೆದು ನೋಡಿದಳು. ಪುಸ್ತಕ ಮುಚ್ಚಿದಳು.

"ಇನ್ನು ನಂಗೆ ಏನೂ ಹೇಳಬ್ಯಾಡ್ರಿ ಅಜ್ಜಿ. ಭೀಮಕ್ಕಗೂ ಹೇಳಬ್ಯಾಡ್ರಿ. ಸುಧಾ ಮೇಡಂ ಮುಂದೆ ಹೇಳ್ರಿ, ಆಮೇಲೆ ಜಡ್ಜ್ ಸಾಹೇಬ್ರ ಮುಂದೆ ಹೇಳ್ರಿ. ನಾನು ಹೇಳಿಕೊಟ್ಟೆ ಅಂತ ನಾಳೆ ಯಾರೂ ಅನ್ನಬಾರದು."

"ಆ ಪುಟದಾಗೆ ಏನೈತೆ?"

"ಅದೂ ಆಮೇಲೆ."

ಸುಧಾ ಮೇಡಂ ಸಾಕ್ಷಿ ಪಟ್ಟಿಗೆ ನನ್ನ ಹೆಸರು ಸೇರಿಸಲು ಅರ್ಜಿ ಹಾಕಿದರು. ಕೋರ್ಟು ಒಪ್ಪಿತು. ನಾನು ಹೇಳಿದ್ದನ್ನು ಬರೆದುಕೊಂಡು, ನನಗೇ ಎರಡು ಸಲ ಓದಿ ಹೇಳಿ, ಹೌದೇ ಎಂದು ಕೇಳಿ ಸಹಿ ಹಾಕಿಸಿದರು. ಒಂದು ಕಡೆ ಅವರು "ಬೆಳಿಗ್ಗೆ" ಎಂದು ಬರೆದಿದ್ದರು. ಬೆಳಿಗ್ಗೆ ಅಲ್ಲ, ಇನ್ನೂ ಬೆಳಕು ಹರಿದಿರಲಿಲ್ಲ, ಅಂದೆ. ಬೇಸರ ಮಾಡಿಕೊಳ್ಳದೆ ತಿದ್ದಿದರು. ನನ್ನ ಮಾತನ್ನು ಹೀಗೆ ಒಬ್ಬರು ತಿದ್ದಿ ತಿದ್ದಿ ಸರಿಯಾಗಿ ಬರೆದುಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅದಕ್ಕೆ ಅವರು ನನ್ನಿಂದ ಏನೂ ಕೇಳಲಿಲ್ಲ. ಕಾಫಿಯನ್ನೂ ಅವರೇ ತರಿಸಿದರು.

ನನ್ನ ದಿನ ಬಂತು. ಉಚ್ಚಂಗೆಮ್ಮ, ಭೀಮಕ್ಕ, ನಾನು ನ್ಯಾಮತಿಯ ಬಸ್ಸು ಹೋಗಲಿ ಎಂದು ಬಿಟ್ಟು, ಹೊನ್ನಾಳಿಯ ಬಸ್ಸಿಗೆ ಕಾದು ಹತ್ತಿದೆವು. ಭೀಮಕ್ಕನಿಗೆ ನಾನು ಸಾಕ್ಷಿ ಹೇಳುತ್ತೇನೆ ಎನ್ನುವುದು ಗೊತ್ತಿತ್ತು, ಏನು ಹೇಳುತ್ತೇನೆ ಎನ್ನುವುದು ಗೊತ್ತಿರಲಿಲ್ಲ. ಏನೂ ಬಾಯಿಬಿಡದ ನನ್ನ ಮೇಲೆ ಅವಳಿಗೆ ಸಿಟ್ಟೂ ಬಂದಿತ್ತು. "ತಿಪ್ಪೇರುದ್ರಸ್ವಾಮೇರೇ ನೋಡಿಲ್ಲ ಅಂದ್ರು. ನೀವೇನು ಹೇಳೀರಿ?" ಅಂದಳು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಕೋರ್ಟಿನ ಒಳಗೆ ಫ್ಯಾನು ತಿರುಗುತ್ತಿತ್ತು. ಜಡ್ಜ್ ಸಾಹೇಬರು ಎತ್ತರದಲ್ಲಿ ಕೂತಿದ್ದರು. ಒಳ್ಳೆಯ ಕೆಲಸಕ್ಕೆ ಹೊರಟವರು ಎದುರಿಗೆ ನನ್ನಂಥವಳು ಬಂದರೆ ನಿಂತು, ಒಂದು ಗಳಿಗೆ ಬಿಟ್ಟು ಹೋಗುತ್ತಾರೆ. ಅದನ್ನು ಮೂವತ್ತೈದು ವರ್ಷದಿಂದ ಕಂಡಿದ್ದೇನೆ. ಆ ದಿನ ಕೋರ್ಟಿನವರು ನನ್ನ ಹೆಸರನ್ನು ಮೂರು ಸಲ ಕೂಗಿ ಕರೆದರು. "ಅಜ್ಜಮ್ಮ! ಅಜ್ಜಮ್ಮ! ಅಜ್ಜಮ್ಮ!" ಅಷ್ಟು ಜನರ ಮಧ್ಯೆ ದಾರಿ ಬಿಡಿಸಿ ನಿಲ್ಲಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದೆ. ಜಡ್ಜ್ ಸಾಹೇಬರು ನನ್ನ ವಯಸ್ಸು ನೋಡಿ ಕುರ್ಚಿ ಹಾಕಿಸಿದರು.

ಕೆಂಚೇಶನ ವಕೀಲರು ಎದ್ದರು.

"ಏನಮ್ಮಾ, ಇಪ್ಪತ್ತೇಳು ವರ್ಷದ ಹಿಂದಿನ ಮಾತು. ತಾರೀಖು ಹೇಳು ನೋಡೋಣ."

"ತಾರೀಖು ಗೊತ್ತಿಲ್ಲ ಸ್ವಾಮಿ. ಯುಗಾದಿ ಹಬ್ಬದ ದಿನದಿಂದ ಎಣಿಸಿದ್ರೆ ಹದಿಮೂರನೇ ದಿನ. ಸೋಮವಾರ. ನಮ್ಮ ಯಜಮಾನ್ರು ತೀರಿಕೊಂಡ ಮೇಲೆ ಬಂದ ಏಳನೇ ಯುಗಾದಿ ಅದು. ಅವರ ಮರಣದ ಸರ್ಟಿಫಿಕೇಟು ತಂದೀನಿ, ಲೆಕ್ಕ ಮಾಡಿಕೊಳ್ರಿ."

ಜಡ್ಜ್ ಸಾಹೇಬರು ಪಕ್ಕದವರಿಗೆ ಏನೋ ಹೇಳಿದರು. ಅವರು ಮೊಬೈಲಿನಲ್ಲಿ ಹಳೆಯ ಪಂಚಾಂಗ ತೆಗೆದು ನೋಡಿದರು. "ತೊಂಬತ್ತಾರನೇ ಇಸವಿ, ಏಪ್ರಿಲ್ ಒಂದು. ಸೋಮವಾರ, ಸರ್," ಅಂದರು.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಕತ್ತಲಾಗೆ ನಡೀತು ಅಂತೀಯ. ಉಟ್ಟೋಳು ಇವಳೇ ಅಂತ ನಿನಗೆ ಹೆಂಗೆ ಗೊತ್ತು?"

"ಚಂದ್ರ ಮುಳುಗಿದ್ದ, ಕತ್ತಲು ಇತ್ತು. ಉಡಿಸಬೇಕಾದ್ರೆ ಮುಖ ಕಾಣಲಿಲ್ಲ. ಬೆಳಕು ಹರಿದ ಮೇಲೆ ಅದೇ ಸೀರೆಯಾಗೆ ಆಕೆ ಬೀರಲಿಂಗಪ್ಪನ ಮನೆ ಬಾಗಿಲಿಗೆ ನೀರು ಹಾಕ್ತಿದ್ದಳು. ಆವಾಗ ನೋಡಿದೆ."

"ಯಾವ ಸೀರೆ?"

"ಹಸಿರು, ಕೆಂಪಂಚು. ಸೆರಗಿನ ತುದಿಯಿಂದ ಒಂದು ಮೊಳ ಒಳಗೆ ಅಂಚು ಹರಿದಿತ್ತು. ನಾನೇ ಹೊಲಿದೆ. ಕೆಂಪು ನೂಲು ಇರಲಿಲ್ಲ, ಕಪ್ಪು ನೂಲಿಂದ ಹೊಲಿದೆ. ಹತ್ತು ಹೊಲಿಗೆ ಹಾಕಿ ಗಂಟು ಹಾಕಾಕೆ ಹೋದೆ. ಬೀರಲಿಂಗಪ್ಪನ ತಾಯಿ, ಬೆಸ ಇರಲಿ, ಇನ್ನೊಂದು ಹಾಕು ಅಂದಳು. ಹನ್ನೊಂದು ಹಾಕಿದೆ."

ಸುಧಾ ಮೇಡಂ ಎದ್ದು, ಕವರು ತೆರೆಯಲು ಅಪ್ಪಣೆ ಕೇಳಿದರು. ಕೋರ್ಟಿನವರು ಎರಡೂ ಕಡೆಯ ವಕೀಲರಿಗೆ ಅರಗು ತೋರಿಸಿ ಒಡೆದರು. ಸೀರೆ ಹೊರಗೆ ಬಂತು. ನಾನು ಅದನ್ನು ಇಪ್ಪತ್ತೇಳು ವರ್ಷ ಕಂಡಿರಲಿಲ್ಲ. ಹಸಿರು ಸ್ವಲ್ಪ ಮಾಸಿತ್ತು. ಮೇಜಿನ ಮೇಲೆ ಸೆರಗು ಬಿಚ್ಚಿದರು. ಒಂದು ಮೊಳದ ಹತ್ತಿರ ಸಣ್ಣಗೆ ಕಪ್ಪು ಕಾಣಿಸಿತು.

ಜಡ್ಜ್ ಸಾಹೇಬರು ಸೀರೆಯನ್ನು ಮೇಲೆ ತರಿಸಿಕೊಂಡರು. ಅಂಚನ್ನು ಬೆಳಕಿಗೆ ಹಿಡಿದರು. ಪೆನ್ನಿನ ತುದಿಯನ್ನು ಒಂದೊಂದೇ ಹೊಲಿಗೆಯ ಮೇಲಿಟ್ಟು ಎಣಿಸಿದರು. ನಾನೂ ಮನಸ್ಸಿನಲ್ಲೇ ಅವರ ಜೊತೆ ಎಣಿಸಿದೆ. ಅಷ್ಟು ದೊಡ್ಡ ಕುರ್ಚಿಯ ಮೇಲೆ ಕೂತವರು, ಕಪ್ಪು ಕೋಟು ಹಾಕಿದವರು, ಯಾರೂ ನೋಡಬಾರದೆಂದು ಬೆಳಕು ಹರಿಯುವ ಮೊದಲೇ ಮುಗಿಸಿದ ಕೆಲಸದ ಹೊಲಿಗೆಗಳನ್ನು ತಲೆ ಬಗ್ಗಿಸಿ ಎಣಿಸುತ್ತಿದ್ದರು. ನನ್ನ ಮೈ ಜುಮ್ಮೆಂದಿತು. ದೇವರ ಮುಂದೆ ನಿಂತಾಗಲೂ ನನಗೆ ಹಾಗಾದದ್ದಿಲ್ಲ.

"ಹನ್ನೊಂದು," ಎಂದು ಹೇಳಿ ಬರೆಸಿದರು.

ಕೆಂಚೇಶನ ವಕೀಲರು ಬಗ್ಗಿ ಅವನ ಕಿವಿಯಲ್ಲಿ ಏನೋ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಇನ್ನೇನೂ ಪ್ರಶ್ನೆ ಇಲ್ಲ ಎಂದು ಅವರು ಕೂತರು.

ಹೊರಗೆ ಬಂದಾಗ ಭೀಮಕ್ಕ ಬೇವಿನ ಮರದ ಕೆಳಗೆ ನಿಂತಿದ್ದಳು. ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು.

"ದಿನಾ ಒಂದೇ ನಲ್ಲಿಯಾಗೆ ನೀರು ಹಿಡಿದೀವಿ. ಒಂದು ದಿನಾನೂ ಹೇಳಲಿಲ್ಲ ನೀವು."

"ಹೇಳಂಗಿರಲಿಲ್ಲ."

"ಈಗ ಹೇಳಿದ್ರಲ್ಲ?"

"ಈಗ ಕೇಳಿದ್ರು."

ಅವಳು ಅಳಲಿಲ್ಲ. ನನ್ನ ಬಲಗೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಬಿಡಲೇ ಇಲ್ಲ. ಉಚ್ಚಂಗೆಮ್ಮ ನಮ್ಮ ಹಿಂದೆ ನಡೆದು ಬರುತ್ತಿದ್ದಳು. ತಿರುಗಿ ನೋಡಿದರೆ ಅಳುತ್ತಿದ್ದವಳು ಅವಳು.

"ಏನೇ ವಕೀಲಮ್ಮ?" ಅಂದೆ.

"ಸುಮ್ಮನೆ ನಡೀರಿ ಅಜ್ಜಿ. ಮೊದಲೇ ಕೇಳಬೇಕಿತ್ತು ನಿಮ್ಮನ್ನ. ದೊಡ್ಡೋರ ಮನೆ ಬಾಗಿಲೆಲ್ಲ ತಟ್ಟಿದೆ. ಬಡ್ಡಿಮಗಂದು, ಬುದ್ಧಿ ಎಲ್ಲಿತ್ತೋ."

ತೀರ್ಪು ಬರಲು ಏಳು ತಿಂಗಳು ಹಿಡಿಯಿತು. ಸುಧಾ ಮೇಡಂ ಫೋನು ಮಾಡಿದಾಗ ಉಚ್ಚಂಗೆಮ್ಮ ಯಾರದೋ ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ಭೀ​ಮಕ್ಕ ಬೀರಲಿಂಗಪ್ಪನ ಹೆಂಡತಿ. ಕುಲದ ಪದ್ಧತಿಯಂತೆ ಆದ ಮದುವೆ ಮದುವೆಯೇ. ಮನೆ ಅವಳದು. ಉಚ್ಚಂಗೆಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಬರಿಗಾಲಿನಲ್ಲಿ ಓಡಿದಳು. ನಲ್ಲಿ ನಿಲ್ಲಿಸಲು ಓಡುತ್ತಿದ್ದ ಹಾಗೆಯೇ.

ಕೆಂಚೇಶ್ ಒಂದು ವಾರ ಬರಲಿಲ್ಲ. ಎಂಟನೆಯ ದಿನ ಬೀಗದ ಕೈ ತಂದ. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತ. ಭೀಮಕ್ಕ ಹಿತ್ತಲಿಂದ ಬಂದು ನೋಡಿದಳು.

"ಕೊಟ್ಟು ಹೋಗಾಕೆ ಬಂದೆಯೋ, ರೊಟ್ಟಿ ತಿನ್ನಾಕೆ ಬಂದೆಯೋ?" ಅಂದಳು.

ಅವನು ಬೀಗದ ಕೈ ಹೊಸ್ತಿಲ ಮೇಲಿಟ್ಟು ಹೋದ. ರೊಟ್ಟಿ ತಿನ್ನಲಿಲ್ಲ. ಇನ್ನೂ ಮಾತಿಲ್ಲ.

ಅಪೀಲಿನ ಗಡುವು ಮುಗಿದ ಮೇಲೆ ಕೋರ್ಟಿನಿಂದ ಸೀರೆ ಮರಳಿ ಬಂತು. ಭೀಮಕ್ಕ ಅದನ್ನು ಎದೆಗೆ ಅವಚಿಕೊಂಡು ಉಚ್ಚಂಗೆಮ್ಮನ ಪಡಸಾಲೆಗೆ ಬಂದಳು. ನಾನೂ ಇದ್ದೆ. ಈ ಸೀರೆಗೆ ಒಂದು ರವಿಕೆ ಹೊಲಿದುಕೊಡು ಅಂದಳು. ಒಂದೇ ಸಲ ಉಡುವ ಸೀರೆ ಅಲ್ಲವೇ ಎಂದೆ. "ಕೋರ್ಟಿನ ತನಕ ಹೋಗಿ ಬಂದೈತೆ. ಇನ್ನು ನಾನು ಉಡ್ತೀನಿ," ಅಂದಳು.

ಉಚ್ಚಂಗೆಮ್ಮ ಸೆರಗು ಬಿಡಿಸಿದಳು. ಡಬ್ಬಿಯಿಂದ ಕೆಂಪು ನೂಲಿನ ಉಂಡೆ ತೆಗೆದು ಅಂಚಿನ ಪಕ್ಕ ಹಿಡಿದಳು. ಬಣ್ಣ ಸರಿಯಾಗಿ ಕೂಡಿತು.

"ಕಪ್ಪು ಬಿಚ್ಚಿ ಇದನ್ನ ಹಾಕಲಾ? ಗೊತ್ತೇ ಆಗಲ್ಲ."

"ಬ್ಯಾಡ," ಎಂದಳು ಭೀಮಕ್ಕ. "ಮುಟ್ಟಬ್ಯಾಡ ಅದನ್ನ."

ಆಗ ಉಚ್ಚಂಗೆಮ್ಮ ಪುಸ್ತಕ ಮಗುಚಿ, ಆ ಪುಟ ತೆರೆದು, ಭೀಮಕ್ಕನ ಕಡೆ ನೋಡಿದಳು. ಭೀಮಕ್ಕ ಹೂಂ ಅಂದಳು. ಪುಸ್ತಕವನ್ನು ನನ್ನ ಮಡಿಲಲ್ಲಿ ಇಟ್ಟಳು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೇಲೆ ಭೀಮಕ್ಕನ ಹೆಸರು. ಕೆಳಗೆ ಬೀಗ, ಪಂಚಾಯಿತಿ, ರೇಷನ್ ಕಾರ್ಡು. ಎಲ್ಲದರ ಕೆಳಗೆ, ಸೀರೆ ಮೊದಲ ಸಲ ನೋಡಿದ ದಿನ ಬರೆದ ಒಂದು ಸಾಲು: "ಸೆರಗಿನ ಅಂಚು. ಕೈಹೊಲಿಗೆ. ಕಪ್ಪು ನೂಲು. ಹೊಲಿದವರು ಯಾರು?"

ಎರಡು ವರ್ಷ ಆ ಪ್ರಶ್ನೆ ಅಲ್ಲಿ ಹಾಗೇ ಕೂತಿತ್ತು. ಅದರ ಮುಂದೆ ಜಾಗ ಖಾಲಿ ಇತ್ತು.

ಉಚ್ಚಂಗೆಮ್ಮ ಪೆನ್ಸಿಲು ನನ್ನ ಕೈಗೆ ಕೊಟ್ಟಳು. "ಬರೀರಿ ಅಜ್ಜಿ," ಅಂದಳು.

ನಾನು ನಿಧಾನವಾಗಿ, ಗೆರೆಯ ಹೊರಗೆ ಹೋಗದ ಹಾಗೆ, ನನ್ನ ಹೆಸರು ಬರೆದೆ. ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಎರಡು ಸಲ ನೋಡಿಕೊಂಡು ಪುಸ್ತಕ ಹಿಂದಕ್ಕೆ ಕೊಟ್ಟೆ. ಅವಳು ಅದನ್ನು ಮಗುಚಿ ಮುಂದಿನಿಂದ ತೆರೆದಳು. ಟೇಪು ಕೊರಳಿಂದ ತೆಗೆದು ಭೀಮಕ್ಕನ ತೋಳಿಗೆ ಸುತ್ತಿ ಅಳೆದಳು.

"ಒಂದೂವರೆ ಇಂಚು ಮರಳಿ ಬಂದೈತೆ," ಎಂದು ಹೇಳಿ ಬರೆದುಕೊಂಡಳು.